ಅಲ್ಮೊಹಾರಿನ ಇಟ್ಟಿಗೆ ಗೋಪುರ

ಜೂನ್ 9, 1936

ಅಳತೆ ಬರೆದುಕೊಳ್ಳಲು ಇಟ್ಟುಕೊಂಡ ಪುಸ್ತಕ ಇದು. ಇವತ್ತು ಅಳತೆಗಿಂತ ಹೆಚ್ಚು ಬರೆಯುವುದಿದೆ. ಅದಕ್ಕೇ ಹಿಂದಿನ ಪುಟದಿಂದ ತಿರುಗಿಸಿ ಶುರು ಮಾಡಿದ್ದೇನೆ. ನನ್ನ ಹೆಂಡತಿ ಒರೊಸಿಯಾಗೆ ಓದು ಬರದು. ಬೇರೆ ಯಾರೂ ಗಾರೆಯವನ ಚೀಲ ತಡಕುವುದಿಲ್ಲ.

ಇಗರ್ಜಿಯ ಗೋಪುರದ ಕೆಲಸ ಸಿಕ್ಕಿತು. ಚಳಿಗಾಲದಲ್ಲಿ ಸಿಡಿಲು ಬಡಿದ ಮೇಲೆ ಮೂಡಣ ಮುಖದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ನಮ್ಮ ಪಾದ್ರಿ ಮೊಸೆನ್ ಸೆಲೆದೋನಿಯೊ ಕೆಳಗೆ ನಿಂತು ಕತ್ತು ನೋಯಿಸಿಕೊಂಡು ನೋಡಿದರು. "ಬಿರುಕು ಮುಚ್ಚಿ ಮೇಲಿಂದ ಕೆಳಗಿನ ತನಕ ಸುಣ್ಣ ಬಳಿದುಬಿಡು ಲಂಬೆರ್ತೊ. ಈ ಮೊರೊಗಳ ಕಸೂತಿ ನೋಡೀ ನೋಡೀ ನಂಗೆ ಸಾಕಾಗಿದೆ" ಎಂದರು.

ಸುಣ್ಣ ಬಳಿಯುವುದಿಲ್ಲ ಎಂದು ಹೇಳಲಿಲ್ಲ. ಬಳಿಯುವುದೂ ಇಲ್ಲ. ನನ್ನ ಅಪ್ಪ, ಅಜ್ಜ, ಅವನ ಅಪ್ಪ ಎಲ್ಲರೂ ಈ ಗೋಡೆಗೆ ತೇಪೆ ಹಾಕಿದವರೇ. ಯಾವ ವರಸೆ ಯಾರ ಕೈಯದು ಎಂದು ಕಣ್ಣು ಮುಚ್ಚಿ ಸವರಿ ಹೇಳಬಲ್ಲೆ. ಕೆಳಗಿನ ಚೌಕ ಭಾಗ ಹಳೆಯದು. ಇಟ್ಟಿಗೆಯನ್ನೇ ಮುಂದಕ್ಕೂ ಹಿಂದಕ್ಕೂ ಇಟ್ಟು ನೇಯ್ದ ಜಾಲರಿ, ಹಾವಿನ ನಡಿಗೆಯ ಪಟ್ಟಿ, ನಡುನಡುವೆ ಮೆರುಗು ಕೊಟ್ಟ ಹಸಿರು ಬಿಳಿ ಬಿಲ್ಲೆಗಳು. ಅದನ್ನು ಕಟ್ಟಿದವರು ಈ ಊರಿನ ಮೊರೊಗಳು, ಅಂದರೆ ಹಿಂದೆ ಇಲ್ಲಿದ್ದ ಮುಸಲ್ಮಾನರು. ಶುಕ್ರವಾರ ತಮ್ಮ ನಮಾಜು, ಮಿಕ್ಕ ದಿನ ನಮ್ಮ ಇಗರ್ಜಿಯ ಕೆಲಸ. ಆಮೇಲೆ ರಾಜ ಅವರನ್ನು ಒಬ್ಬರನ್ನೂ ಬಿಡದೆ ಹಡಗು ಹತ್ತಿಸಿ ಸಮುದ್ರದಾಚೆ ಅಟ್ಟಿದ. ಮೇಲಿನ ಎಂಟು ಮೂಲೆಯ ಭಾಗ ನಮ್ಮವರು ನೂರು ವರ್ಷದ ನಂತರ ಏರಿಸಿದ್ದು. ಇಟ್ಟಿಗೆ ಅದೇ, ಕೈ ಒರಟು. ಅವರೇ ಇಗರ್ಜಿಯ ಒಳಗೋಡೆಗಳ ಮೇಲೆ ಬಿಳಿ ಗಾರೆ ಮೆತ್ತಿ, ಸಕ್ಕರೆ ಅಚ್ಚಿನಂಥ ದೇವದೂತರನ್ನೂ ಎಲೆಗಳನ್ನೂ ಅಂಟಿಸಿದರು. ಸರಗೋಸದಿಂದ ಒಮ್ಮೆ ಬಂದಿದ್ದ ಪ್ರೊಫೆಸರರು ಹಳೆಯ ಕೆಲಸಕ್ಕೆ ಮುದೇಹರ್ ಎನ್ನುತ್ತಾರೆ ಎಂದರು. ನಾವು ಒಳ್ಳೆಯ ಕೆಲಸ ಎನ್ನುತ್ತೇವೆ.

ಜೂನ್ 17

ಇವತ್ತು ಒಂದು ಕೋಣೆ ಸಿಕ್ಕಿತು.

ನಮ್ಮದು ಒಂದರೊಳಗೊಂದು ನಿಂತ ಎರಡು ಗೋಪುರ. ನಡುವಿನ ಸಂದಿಯಲ್ಲಿ ಮೆಟ್ಟಿಲು ಸುತ್ತಿ ಏರುತ್ತದೆ. ಮೊರೊಗಳ ಮಸೀದಿಯ ಮಿನಾರೂ ಹೀಗೇ ಇರುತ್ತದಂತೆ. ಒಳಗೋಪುರದಲ್ಲಿ ಒಂದರ ಮೇಲೊಂದು ಎರಡು ಕೋಣೆ ಇರುವುದು ಗೊತ್ತಿತ್ತು. ಹನ್ನೆರಡನೆಯ ಮೆಟ್ಟಿಲ ಹತ್ತಿರ ಸುತ್ತಿಗೆಯ ಹಿಡಿ ತಾಕಿಸಿದರೆ ಪೊಳ್ಳು ಸದ್ದು. ಆರು ಇಟ್ಟಿಗೆ ಬಿಡಿಸಿ ತಲೆ ಹಾಕಿದೆ. ಮೂರನೆಯದೂ ಇದೆ. ಮೇಲೆ ಭಾರ ಏರಿಸುವಾಗ ಬಾಗಿಲು ಮುಚ್ಚಿಬಿಟ್ಟಿದ್ದಾರೆ. ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಗೋಡೆಯ ಮೇಲೆ ಕೆಂಪು ಕಪ್ಪು ಬಣ್ಣದ ಗಂಟು ಗಂಟು ಚಿತ್ತಾರ, ನಿನ್ನೆ ಬರೆದಂತಿದೆ. ಮೂಲೆಯ ಗಾರೆಯಲ್ಲಿ ಆಲಿವ್ ಬೀಜಗಳು ಸಿಕ್ಕಿಕೊಂಡಿವೆ. ಯಾರೋ ಊಟ ಮಾಡುತ್ತ ಉಗುಳಿದ್ದು.

ಪಾದ್ರಿಯನ್ನು ಕರೆದು ತೋರಿಸಿದೆ. ಅವರ ಹೊಟ್ಟೆ ಆ ಕಿಂಡಿಯಲ್ಲಿ ಹಿಡಿಸಲಿಲ್ಲ. ದೀಪ ಹಿಡಿದು ಇಣುಕಿ, ಮುಚ್ಚಿಬಿಡು, ಇಲಿ ಸೇರುತ್ತವೆ ಎಂದರು. ಇಟ್ಟಿಗೆಗಳನ್ನು ಗಾರೆ ಹಾಕದೆ ಸುಮ್ಮನೆ ಜೋಡಿಸಿ ಬಂದಿದ್ದೇನೆ. ಇನ್ನೊಂದು ದಿನ ಅಳತೆ ತೆಗೆಯಬೇಕು.

ಜುಲೈ 5

ಮತ್ತೆ ಸುಣ್ಣದ ಜಗಳ. ಭಾನುವಾರ ಪಾದ್ರಿ ಊರವರ ಎದುರಿಗೇ ನನ್ನನ್ನು ಮೊರೊಗಳ ಮೊಮ್ಮಗ ಎಂದರು. ಜನ ನಕ್ಕರು.

ಹದಿನಾಲ್ಕು ವರ್ಷದ ಹಿಂದೆ ನನ್ನ ಮಗು ಅರ್ಧ ದಿನ ಬದುಕಿತ್ತು. ಜ್ಞಾನಸ್ನಾನ ಆಗಿಲ್ಲವೆಂದು ಇದೇ ಪಾದ್ರಿ ಅದನ್ನು ಸ್ಮಶಾನದ ಗೋಡೆಯಾಚೆ ಹೂಳಿಸಿದರು. ಒರೊಸಿಯಾ ಅದನ್ನು ಮರೆತಿಲ್ಲ, ಆದರೆ ಕ್ಷಮಿಸಿದ್ದಾಳೆ. ನಾನು ಮರೆತಿದ್ದೇನೆ.

ಜುಲೈ 26

ಬಂದರು. ಬಾರ್ಸಿಲೋನಾ ಕಡೆಯಿಂದ ಹನ್ನೊಂದು ಲಾರಿ. ಗುಂಡು ತಡೆಯಲು ಸುತ್ತ ಹಾಸಿಗೆಗಳನ್ನು ಕಟ್ಟಿದ್ದಾರೆ. ಕೆಂಪು ಕಪ್ಪು ಬಾವುಟ, ಸರ್ಕಾರವೂ ಬೇಡ ದೇವರೂ ಬೇಡ ಎನ್ನುವ ಅರಾಜಕವಾದಿ ಕಾರ್ಮಿಕರದು. ಸೈನ್ಯ ಸರ್ಕಾರದ ಮೇಲೆ ತಿರುಗಿಬಿದ್ದಿದೆ ಎಂದು ಸುದ್ದಿ ಬಂದ ದಿನವೇ ನಮ್ಮ ಪೊಲೀಸರು ಸರಗೋಸಕ್ಕೆ ಓಡಿದ್ದರು. ಸರಗೋಸ ಸೈನ್ಯದ ಕೈಯಲ್ಲಿದೆ, ನಾವು ಈ ಲಾರಿಯವರ ಕೈಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಇಗರ್ಜಿಯ ಮುಂದಿನ ಬಯಲಲ್ಲಿ ಬೆಂಕಿ ಎದ್ದಿತು. ಬೆಂಚು, ತಪ್ಪೊಪ್ಪಿಗೆಯ ಪೆಟ್ಟಿಗೆ, ಪುಸ್ತಕ, ಪಾದ್ರಿಯ ನಿಲುವಂಗಿ ಎಲ್ಲವನ್ನೂ ಹಾಕಿದರು. ನನ್ನ ಹೆಂಡತಿಯ ತಮ್ಮ ಗಾವ್ದಿಯೊಸೊ ಇಗರ್ಜಿಯ ಗಂಟೆ ಹೊಡೆಯುವವನು, ಕೀಲಿ ಕಾಯುವವನು. ವಿಗ್ರಹಗಳನ್ನು ನೀನೇ ತಂದು ಹಾಕು ಎಂದರು. ಆಗುವುದಿಲ್ಲ ಎಂದ. ಕೋವಿಯ ಹಿಡಿಯಿಂದ ಬಾಯಿಗೆ ಹೊಡೆದರು. ಎರಡು ಹಲ್ಲು ಉಗುಳಿ, ಸಂತ ರೋಖನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಬೆಂಕಿಗೆ ಇಳಿಸಿದ. ಆಮೇಲೆ ಉಳಿದವರನ್ನೂ ತಂದ. ಅವನ ಅಂಗಿಯ ಮುಂಭಾಗ ಪೂರ್ತಿ ರಕ್ತ. ನೋಡುತ್ತ ನಿಂತವರಲ್ಲಿ ಅರ್ಧ ಜನ ನಮ್ಮೂರವರೇ, ಕೆಲವರು ಚಪ್ಪಾಳೆ ತಟ್ಟುತ್ತಿದ್ದರು.

ಬಲಿಪೀಠಕ್ಕೆ ಒಳಗೇ ಬೆಂಕಿ ಇಟ್ಟರು. ಸಂಜೆ ಬೆಂಕಿ ಆರಿದ ಮೇಲೆ ಒಳಗೆ ಹೋದೆ. ಕಾವಿಗೆ ಗಾರೆ ಸಿಡಿದು ಸಕ್ಕರೆ ದೇವದೂತರೆಲ್ಲ ನೆಲಕ್ಕೆ ಬಿದ್ದಿದ್ದರು. ಅವರ ಹಿಂದೆ ಹಳೆಯ ಗೋಡೆ. ಕೆಂಪು, ಕಪ್ಪು, ಹಾಲುಬಿಳಿ, ಒಂದರೊಳಗೊಂದು ತೂರುವ ಕಮಾನುಗಳು ನೆಲದಿಂದ ಸೂರಿನವರೆಗೆ. ಇನ್ನೂರು ವರ್ಷ ಯಾರೂ ನೋಡದೆ ಇದ್ದದ್ದು. ನನಗೆ ಅಳು ಬಂತು. ದುಃಖಕ್ಕೆ ಬಂದದ್ದಲ್ಲ ಎಂದು ಇಲ್ಲಿ ಬರೆಯಬಹುದು.

ಐದು ಜನರನ್ನು ಸ್ಮಶಾನದ ಬಳಿ ಒಯ್ದು ಗುಂಡಿಟ್ಟರು. ಜಮೀನ್ದಾರ ಮತ್ತು ಅವನ ಅಳಿಯ, ಪಂಚಾಯಿತಿ ಗುಮಾಸ್ತ, ಎಣ್ಣೆ ಗಾಣದ ಯಜಮಾನ, ಔಷಧಿ ಅಂಗಡಿಯ ದೋನ್ ಅರ್ನುಲ್ಫೊ. ಲಾರಿ ಹತ್ತುವಾಗ ದೋನ್ ಅರ್ನುಲ್ಫೊನ ಒಂದು ಚಪ್ಪಲಿ ಕಳಚಿತು. ಬಗ್ಗಿ ಹಾಕಿಕೊಳ್ಳಲು ಬಿಡಲಿಲ್ಲ. ಒಂಟಿ ಚಪ್ಪಲಿಯಲ್ಲೇ ಹೋದ. ನನ್ನ ತಾಯಿಯ ಕೆಮ್ಮಿಗೆ ಔಷಧಿ ಕೊಡುತ್ತಿದ್ದವನು ಅವನು.

ಪಾದ್ರಿ ಸಿಕ್ಕಿಲ್ಲ.

ಜುಲೈ 27

ಪಾದ್ರಿ ನಮ್ಮ ಹುಲ್ಲಿನ ಅಟ್ಟದ ಮೇಲಿದ್ದರು. ನಿನ್ನೆ ಬೆಳಿಗ್ಗೆಯೇ ಒರೊಸಿಯಾ ಹತ್ತಿಸಿ ಕೂರಿಸಿದ್ದಳು, ನನಗೆ ಹೇಳಿರಲಿಲ್ಲ. ಮನೆಮನೆ ಹುಡುಕುತ್ತ ಬರುತ್ತಿದ್ದಾರೆ ಎಂದಾಗ ಹೇಳಿದಳು.

"ನಮ್ಮ ಮಗೂನ ಗೋಡೆ ಆಚೆ ಹಾಕಿದೋನು" ಎಂದೆ.

"ಗೊತ್ತು. ನಾನೇ ಹೆತ್ತಿದ್ದು. ಈಗ ಇವರನ್ನ ಎಲ್ಲಿಡೋಣ, ಅದು ಹೇಳು."

ನಸುಕಿನಲ್ಲೇ ನನ್ನ ಕೆಲಸದ ಬಟ್ಟೆ ತೊಡಿಸಿ, ಹೆಗಲಿಗೆ ಗಾರೆಯ ಚೀಲ ಹೊರಿಸಿ, ಸುಟ್ಟ ಇಗರ್ಜಿಯೊಳಗಿಂದಲೇ ಕರೆದುಕೊಂಡು ಹೋದೆ. ಕಾವಲಿನವನು ಕುಡಿದು ಮಲಗಿದ್ದ. ಕಿಂಡಿ ದೊಡ್ಡದು ಮಾಡಲು ಇನ್ನೂ ಹತ್ತು ಇಟ್ಟಿಗೆ ಬಿಡಿಸಬೇಕಾಯಿತು. ಪಾದ್ರಿ ಉಸಿರು ಬಿಗಿಹಿಡಿದು ತೂರಿಕೊಂಡರು. ಹದಿನಾರು ಇಟ್ಟಿಗೆಯನ್ನೂ ಗಾರೆಯಿಲ್ಲದೆ ಜೋಡಿಸಿ, ಸಂದಿಗೆ ಬೂದಿ ಒರೆಸಿ ಬಂದೆ. ಹೊರಡುವಾಗ ಒಳಗಿನಿಂದ, ತಂಬಾಕು ಸಿಕ್ಕೀತೇ ಎಂದು ಕೇಳಿದರು.

ಆಗಸ್ಟ್ 4

ಇಗರ್ಜಿ ಈಗ ಊರಿನ ಉಗ್ರಾಣ. ಗೋಧಿ, ಎಣ್ಣೆ, ಆಲೂಗಡ್ಡೆ. ಕೀಲಿ ಮಾತ್ರ ಮೊದಲಿನಂತೆ ಗಾವ್ದಿಯೊಸೊನ ಸೊಂಟದಲ್ಲೇ ಇದೆ, ಬೇರೆ ಯಾರಿಗೂ ಯಾವ ಕೀಲಿ ಯಾವ ಬೀಗಕ್ಕೆಂದು ಗೊತ್ತಿಲ್ಲ. ಬಿರುಕಿನ ಕೆಲಸ ಮುಂದುವರಿಸು ಎಂದು ನನಗೆ ಅಪ್ಪಣೆಯಾಗಿದೆ. ಹಾಗಾಗಿ ದಿನಾ ಗೋಪುರ ಹತ್ತಬಹುದು. ಗಾರೆಯ ಬಕೆಟ್ಟಿನ ತಳದಲ್ಲಿ ಬ್ರೆಡ್ಡು, ಬೇಯಿಸಿದ ಕಡಲೆ, ನೀರು. ಗಾವ್ದಿಯೊಸೊಗೂ ಹೇಳಿದ್ದೇವೆ. ನಾವು ಮೂವರೇ.

ಲಾರಿಗಳ ಮುಖಂಡ ಪುಜಾಲ್ಸ್ ಎಂಬಾತ. ಬಾರ್ಸಿಲೋನಾದಲ್ಲಿ ಅವನೂ ಗಾರೆ ಕೆಲಸದವನೇ. ಕೆಲಸಕ್ಕೆ ಕಟ್ಟಿದ ಮರದ ಸಾರುವೆ ಹತ್ತಿ ಬಂದು ಅರ್ಧ ಗಂಟೆ ಜಾಲರಿಯನ್ನು ಸವರುತ್ತ ನಿಂತ. "ತೂಕದ ಗುಂಡು ಹಾಕಿ ನೋಡಿದ್ಯಾ? ಎಷ್ಟು ವಾಲಿದೆ?" ಎಂದ. ಎರಡು ಬೆರಳು ಎಂದೆ. "ಐನೂರು ವರ್ಷಕ್ಕೆ ಎರಡು ಬೆರಳು. ನಾನು ಕಟ್ಟಿದ್ದು ಐದು ವರ್ಷಕ್ಕೇ ವಾಲುತ್ತೆ" ಎಂದು ನಕ್ಕ. ಅವನ ಕೈ ಮೇಲೆ ಸುಣ್ಣ ತಿಂದ ಗುರುತುಗಳಿವೆ, ನನ್ನ ಹಾಗೆ. ಅದೇ ಕೈ ದೋನ್ ಅರ್ನುಲ್ಫೊಗೆ ಗುಂಡಿಟ್ಟದ್ದು.

ಪಾದ್ರಿ ಕತ್ತಲಲ್ಲಿ ಕೂತು ಗೋಡೆಯ ಚಿತ್ತಾರವನ್ನು ಬೆರಳಲ್ಲೇ ಓದುತ್ತಿದ್ದಾರಂತೆ. ಒಂದೇ ಗೆರೆ, ಎಲ್ಲೂ ಕಡಿಯದೆ ಸುತ್ತಿ ಮತ್ತೆ ಶುರುವಿಗೇ ಬರುತ್ತದೆ ಎಂದರು. "ಸುಣ್ಣ ಬಳಿಯೋ ಮಾತು ವಾಪಸ್ ತಗೋತೀನಿ ಲಂಬೆರ್ತೊ. ಹೊರಗೆ ಬಂದ ಮೇಲೆ ಜ್ಞಾಪಿಸು."

ಆಗಸ್ಟ್ 11

ಸೈನ್ಯದ ವಿಮಾನ ಬಂತು. ಗೋಪುರದ ಸುತ್ತ ಒಂದು ಸುತ್ತು ಹಾಕಿ, ಬಟ್ಟೆ ಒಗೆಯುವ ಕೊಳದ ಮೇಲೆ ಬಾಂಬು ಬಿಟ್ಟು ಹೋಯಿತು. ನಾಲ್ಕು ಹೆಂಗಸರು. ಮೇಲೆ ಸಾರುವೆಯಲ್ಲಿದ್ದ ನನಗೆ ಎಲ್ಲ ಕಾಣಿಸಿತು. ಇಳಿದು ಓಡಿದೆ. ಕೊಳದ ನೀರು ಕೆಂಪಾಗಿತ್ತು, ಮೇಲೆ ಬಿಳಿ ದುಪ್ಪಟಿಗಳು ತೇಲುತ್ತಿದ್ದವು. ಒಂದು ದುಪ್ಪಟಿಯಲ್ಲಿ ಸುತ್ತಿ ಎತ್ತಿದ್ದು ಬಬಿಲನ ಹೆಂಡತಿ ಎಂದು ಅವಳ ಜಡೆಯಿಂದ ಗೊತ್ತಾಯಿತು. ಉಳಿದದ್ದು ಗುರುತು ಹಿಡಿಯುವಂತಿರಲಿಲ್ಲ.

ಬಬಿಲ್ ಬುಟ್ಟಿ ಹೆಣೆಯುವವನು, ಈಗ ಊರಿನ ಸಮಿತಿಯ ಅಧ್ಯಕ್ಷ. ಹೆಂಡತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತವನು ಸಂಜೆ ಎದ್ದು ಬಂದ. "ಆ ಗೋಪುರ ಗುರಿ ಇಟ್ಕೊಂಡು ಬರ್ತಾರೆ. ನಾಕು ಹರದಾರಿಯಿಂದ ಕಾಣುತ್ತೆ. ಅದನ್ನ ಉರುಳಿಸಿ" ಎಂದ. ಯಾರೂ ಎದುರಾಡಲಿಲ್ಲ. ಗಣಿಯವರ ಹತ್ತಿರ ಸಿಡಿಮದ್ದು ತರಲು ಲಾರಿ ಹೋಗಿದೆ.

ಆಗಸ್ಟ್ 13

ಮದ್ದು ತುಂಬಲು ಬುಡದಲ್ಲಿ ಹನ್ನೆರಡು ತೂತು ಕೊರೆಯಬೇಕು. ಗೋಡೆ ಬಲ್ಲವನು ನೀನೊಬ್ಬನೇ ಎಂದು ನನಗೇ ಹೇಳಿದರು. ಇವತ್ತು ಐದು ಆಯಿತು. ಉಳಿ ಕಚ್ಚುವುದಿಲ್ಲ, ಇಟ್ಟಿಗೆಗಿಂತ ಗಾರೆ ಗಟ್ಟಿ. ಒಂದೊಂದು ಏಟೂ ನನ್ನ ಎದೆಗೇ ಬಿದ್ದಂತಾಗುತ್ತಿತ್ತು. ಹಳೆಯ ಗಾರೆಯ ಪುಡಿ ಗುಲಾಬಿ ಬಣ್ಣ. ಒಂದು ಹಿಡಿ ಕಾಗದದಲ್ಲಿ ಕಟ್ಟಿಟ್ಟುಕೊಂಡೆ.

ಗೋಡೆಯ ಒಳಗಿನಿಂದ ಪಾದ್ರಿ, ಏನು ಸದ್ದು ಎಂದು ಕೇಳಿದರು. ದುರಸ್ತಿ ಎಂದೆ.

ಆಗಸ್ಟ್ 14

ಹನ್ನೆರಡೂ ಮುಗಿದವು. ಹದಿನಾರರ ಮಧ್ಯಾಹ್ನಕ್ಕೆ ಬೆಂಕಿ ಕೊಡುತ್ತಾರೆ.

ಒರೊಸಿಯಾ ಎಲ್ಲ ಗೊತ್ತು ಮಾಡಿದ್ದಾಳೆ. ನಾಳೆ ಬೆಳಿಗ್ಗೆ ಗಾವ್ದಿಯೊಸೊ ಪಕ್ಕದ ಊರಿಗೆ ಹೋಗಿ ತನ್ನ ಚಿಕ್ಕಪ್ಪನ ಹೇಸರಗತ್ತೆ ತರುತ್ತಾನೆ. ಮುಸ್ಸಂಜೆಗೆ ಪಾದ್ರಿಯನ್ನು ಜೊಂಡಿನ ನಡುವಿನಿಂದ ಹೊಳೆ ದಾಟಿಸಿ, ಕುರುಬರ ಗುಡಿಸಲಿನವರೆಗೆ ಮುಟ್ಟಿಸುವುದು. ಅಲ್ಲಿಂದ ಸೈನ್ಯದವರ ಗಡಿ ಒಂದು ರಾತ್ರಿಯ ನಡಿಗೆ. ನಾನು ಮಾಡಬೇಕಾದದ್ದು ಇಟ್ಟಿಗೆ ತೆಗೆದುಕೊಡುವುದು, ಅಷ್ಟೇ.

ಸರಿ ಎಂದೆ. ಪಾದ್ರಿ ಉಳಿಯುತ್ತಾರೆ. ಮರುದಿನ ಗೋಪುರ ಹೋಗುತ್ತದೆ. ಗೋಪುರದ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ಆಗಸ್ಟ್ 15

ಮಾತೆ ಮರಿಯಳ ಹಬ್ಬ. ಗಂಟೆ ಇಲ್ಲ.

ಬೆಳಿಗ್ಗೆ ಪುಜಾಲ್ಸನ ಹತ್ತಿರ ಹೋದೆ. ಗಾರೆಯವನಿಗೆ ಗಾರೆಯವನಾಗಿ ಮಾತಾಡಲು ಹೋದದ್ದು. ಇಂಥದ್ದನ್ನು ಇನ್ನು ಯಾರೂ ಕಟ್ಟಲಾರರು ಎಂದೆ. ಬಿಲ್ಲೆಗಳ ಮೇಲೆ ಮಣ್ಣು ಬಳಿದರೆ ಬಿಸಿಲಿಗೆ ಹೊಳೆಯುವುದಿಲ್ಲ, ಮೇಲಿನ ಎಂಟು ಮೂಲೆ ಬೇಕಾದರೆ ಇಳಿಸೋಣ, ನಾನೇ ಇಳಿಸಿಕೊಡುತ್ತೇನೆ, ಚೌಕ ಉಳಿಸು ಎಂದೆ.

"ನಂಗೆ ಗೊತ್ತಾಗುತ್ತಪ್ಪ" ಎಂದ. "ಆದ್ರೆ ಬಬಿಲನಿಗೆ ಏನು ಹೇಳ್ಲಿ? ಹೆಂಡತಿ ಜಡೆ ಜೇಬಲ್ಲಿಟ್ಕೊಂಡು ತಿರುಗ್ತಾನೆ. ಅವನಿಗೆ ಏನಾದ್ರೂ ಕೆಡವಬೇಕು. ಇಲ್ಲಾಂದ್ರೆ ಯಾರನ್ನಾದ್ರೂ."

ಆಮೇಲೆ ಪಾದ್ರಿಯ ಮಾತು ಬಂತು. ಯಾರು ಮೊದಲು ತೆಗೆದರು ಎಂದು ಈಗ ನೆನಪಾಗುತ್ತಿಲ್ಲ. ಬಬಿಲನನ್ನು ಕರೆಸಿದರು. ಪಾದ್ರಿ ಸಿಕ್ಕರೆ ಗೋಪುರ ಇರಲಿ ಎಂದು ಅವನು ಒಪ್ಪಿದ. ನನ್ನ ಹೆಸರು ಹೊರಗೆ ಬರುವುದಿಲ್ಲ ಎಂದು ಪುಜಾಲ್ಸ್ ಮಾತು ಕೊಟ್ಟ. ಹನ್ನೆರಡನೆಯ ಮೆಟ್ಟಿಲು ಎಂದೆ.

ಹತ್ತೂವರೆಗೆ ಹೋದರು. ಹಿಂದೆ ನಾನೂ ಹೋದೆ, ಒರಟಾಗಿ ಒಡೆದುಬಿಟ್ಟಾರು ಎಂಬ ಭಯಕ್ಕೆ. ಒಬ್ಬ ಸಲಾಕೆ ಎತ್ತಿದ. ಆಗ ಒಳಗಿನಿಂದ ಪಾದ್ರಿಯ ದನಿ ಕೇಳಿತು. "ಒಡೀಬೇಡಿ. ಸಡಿಲಾಗೇ ಇದೆ, ಕೈಲೇ ತೆಗೀಬಹುದು. ನಾನೊಬ್ಬನೇ ಜೋಡಿಸ್ಕೊಂಡೆ, ಯಾರೂ ಸಹಾಯ ಮಾಡಿಲ್ಲ." ಹೊರಗೆ ಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿದರು. ಎಷ್ಟು ಸೊರಗಿದ್ದರೆಂದರೆ ಕಿಂಡಿಯಲ್ಲಿ ಸಲೀಸಾಗಿ ಬಂದರು. ನನ್ನನ್ನು ನೋಡಿದರು, ಪರಿಚಯ ಇಲ್ಲದವರ ಹಾಗೆ ಮುಖ ತಿರುಗಿಸಿಕೊಂಡರು. ನನ್ನನ್ನು ಉಳಿಸಲೆಂದು.

ಸ್ಮಶಾನದವರೆಗೆ ಒಯ್ಯಲು ಬಬಿಲನಿಗೆ ತಾಳ್ಮೆ ಇರಲಿಲ್ಲ. ಗೋಪುರದ ಪಡುವಣ ಗೋಡೆಗೇ ನಿಲ್ಲಿಸಿದರು. ಅವನದು ಚರೆಗುಂಡಿನ ಕೋವಿ, ಎರಡು ಸಲ ಕಚ್ಚಿಕೊಂಡಿತು. ಮೂರನೆಯ ಸಲ ಚರೆಗಳು ಹೊಟ್ಟೆಗೆ ಬಿದ್ದು, ಮಿಕ್ಕವು ಗೋಡೆಗೆ ಸಿಡಿದವು. ಪಾದ್ರಿ ಗೋಡೆಗೆ ಬೆನ್ನು ಒರಗಿಸಿ ಜಾರುತ್ತ ಕೂತರು. ತುಂಬ ಹೊತ್ತು ಕೂಗಿದರು. ದೇವರನ್ನು ಕರೆಯಲಿಲ್ಲ, ಅಮ್ಮನನ್ನು ಕರೆದರು. ಕೊನೆಗೆ ಪುಜಾಲ್ಸ್ ಹೋಗಿ ಕಿವಿಯ ಹತ್ತಿರ ಪಿಸ್ತೂಲು ಇಟ್ಟ.

ಇಟ್ಟಿಗೆ ಹನ್ನೊಂದು ಹಾಳಾಗಿವೆ. ಒಂದು ಹಸಿರು ಬಿಲ್ಲೆ ಪೂರ್ತಿ ಪುಡಿ.

ಒರೊಸಿಯಾ ಹೊಳೆಯ ದಂಡೆಯಲ್ಲಿ ತಮ್ಮನನ್ನೂ ಹೇಸರಗತ್ತೆಯನ್ನೂ ಕಾಯುತ್ತಿದ್ದವಳು ಗುಂಡಿನ ಸದ್ದು ಕೇಳಿ ಓಡಿಬಂದಳು. ತೂತು ಕೊರೆಯುವಾಗ ಪಾದ್ರಿ ಕೆಮ್ಮಿದ್ದು ಯಾರಿಗೋ ಕೇಳಿರಬೇಕು ಎಂದೆ. ಅವಳು ಇವತ್ತು ಒಲೆ ಹಚ್ಚಲಿಲ್ಲ.

ಮದ್ದನ್ನು ಲಾರಿಯಲ್ಲಿ ವಾಪಸು ಕಳಿಸಿದರು.

ಸೆಪ್ಟೆಂಬರ್ 3

ಹನ್ನೊಂದು ಇಟ್ಟಿಗೆಗೆ ಹೊಂದುವ ಮಣ್ಣು ಹೊಳೆಯ ತಿರುವಿನಲ್ಲಿ ಸಿಕ್ಕಿತು. ಮೂರು ಸಲ ಸುಟ್ಟೆ. ಮೊದಲೆರಡು ಸಲ ಬಣ್ಣ ಕಪ್ಪಾಯಿತು. ಗೋಡೆಯ ಮೇಲಿನ ರಕ್ತದ ಕಲೆ ಉಪ್ಪುನೀರಿಗೆ ಹೋಗುತ್ತಿಲ್ಲ, ಇಟ್ಟಿಗೆ ಹೀರಿಕೊಂಡಿದೆ. ಕಲೆ ಹಿಡಿದ ನಾಲ್ಕು ಇಟ್ಟಿಗೆಯನ್ನೂ ಬದಲಾಯಿಸಿದೆ.

ಅಕ್ಟೋಬರ್ 20

ವಿಮಾನ. ಬ್ರೆಡ್ಡಿನ ಅಂಗಡಿ, ಅದರ ಹಿಂದಿನ ಎರಡು ಮನೆ. ಏಳು ಜನ. ಗೋಪುರಕ್ಕೆ ಏನೂ ಆಗಿಲ್ಲ. ಬಿಲ್ಲೆಗಳಿಗೆ ಬಳಿದ ಮಣ್ಣು ಮಳೆಗೆ ತೊಳೆದುಹೋಗಿತ್ತು, ಮತ್ತೆ ಬಳಿಯಿರಿ ಎಂದು ಸಮಿತಿಯವರು ವಾರದ ಹಿಂದೆಯೇ ಹೇಳಿದ್ದರು. ಮಣ್ಣಿನ ತೇವ ಮೆರುಗು ತಿನ್ನುತ್ತದೆ, ಅದಕ್ಕೇ ತಡಮಾಡಿದ್ದೆ.

ಫೆಬ್ರವರಿ 2, 1937

ಪುಜಾಲ್ಸ್ ಕಾಳಗದ ಗಡಿಯಲ್ಲಿ ಸತ್ತನಂತೆ. ಗುಂಡು ಗಂಟಲಿಗೆ. ಗೋಡೆಯ ಮಾತಾಡಲು ಇದ್ದವನು ಅವನೊಬ್ಬ. ಈಗ ನನ್ನ ವಿಷಯ ಗೊತ್ತಿರುವವನು ಬಬಿಲ್ ಮಾತ್ರ.

ಮಾರ್ಚ್ 14, 1938

ವರ್ಷದ ಮೇಲಾಯಿತು ಇಲ್ಲಿ ಬರೆದು. ಎರಡು ದಿನ ಫಿರಂಗಿ. ಮಂಡಿಯೂರಿ ಕೂತು ಏಟು ಎಣಿಸುತ್ತಿದ್ದೆ. ಮೇಲಿನ ಎಂಟು ಮೂಲೆಗೆ ಒಂದೇ ಒಂದು ತಾಕಿದೆ, ಚೌಕಕ್ಕೆ ಇಲ್ಲ. ಇವತ್ತು ಸೈನ್ಯ ಒಳಗೆ ಬಂತು. ಮುಂದೆ ಬಂದವರು ಆಫ್ರಿಕದಿಂದ ತಂದ ಮೊರೊ ಸಿಪಾಯಿಗಳು. ಮನೆಗಳಲ್ಲಿ ಗಡಿಯಾರ, ಹೊಲಿಗೆ ಯಂತ್ರ, ಹೆಂಗಸರ ಓಲೆ ಕಿತ್ತರು. ಓಲೆ ಬಿಚ್ಚಲು ತಡಮಾಡಿದ ಗಾಣದ ಮುದುಕಿಯ ಕಿವಿಯೇ ಹರಿಯಿತು.

ಅವರಲ್ಲೊಬ್ಬ ನಡುವಯಸ್ಸಿನವನು ಗೋಪುರದ ಕೆಳಗೆ ತಲೆ ಎತ್ತಿ ನಿಂತುಬಿಟ್ಟ. ನನ್ನನ್ನು ಕರೆದು, "ಮಸೀದಿಯಾ?" ಎಂದು ಕೇಳಿದ. ಅಲ್ಲ ಎಂದೆ. ನಂಬಲಿಲ್ಲ. ಗೋಡೆಗೆ ಅಂಗೈ ಒತ್ತಿ ಏನೋ ಹೇಳಿಕೊಂಡು ಹೋದ. ಅವನ ಹೆಗಲ ಮೇಲೆ ನಮ್ಮ ನೆರೆಮನೆಯ ಕಂಬಳಿ ಇತ್ತು.

ಬಬಿಲ್ ಜೊಂಡಿನಲ್ಲಿ ಸಿಕ್ಕಿಬಿದ್ದ. ಕಾಲಿಗೆ ಹಗ್ಗ ಕಟ್ಟಿ ಲಾರಿಯ ಹಿಂದೆ ಬಯಲಿನ ಸುತ್ತ ಎಳೆದರು. ಎರಡನೆಯ ಸುತ್ತಿಗೆ ಮುಖ ಇರಲಿಲ್ಲ. ಎರಡು ವರ್ಷದ ಹಿಂದೆ ಚಪ್ಪಾಳೆ ತಟ್ಟಿದವರಲ್ಲಿ ಕೆಲವರು ಇವತ್ತೂ ತಟ್ಟಿದರು.

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಏಪ್ರಿಲ್ 2

ಶಾಲೆಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಒಬ್ಬ ಕ್ಯಾಪ್ಟನ್ ಕೂತಿದ್ದಾನೆ. ಪಾದ್ರಿಯನ್ನು ತೋರಿಸಿಕೊಟ್ಟವರು ಯಾರು ಎಂಬ ವಿಚಾರಣೆ. ಗೋಪುರದ ಕೀಲಿ ಯಾರ ಹತ್ತಿರ ಇತ್ತು? ವಿಗ್ರಹಗಳನ್ನು ಬೆಂಕಿಗೆ ಹೊತ್ತದ್ದು ಯಾರು? ಎರಡು ವರ್ಷ ಅವರ ಉಗ್ರಾಣ ಕಾದದ್ದು ಯಾರು? ಮೂರಕ್ಕೂ ಜನ ಗಾವ್ದಿಯೊಸೊ ಎಂದರು. ಅವನನ್ನು ಹಿಡಿದು ಕೂಡಿಹಾಕಿದ್ದಾರೆ.

ಒರೊಸಿಯಾ ಹೋಗಿ ಎಲ್ಲ ಹೇಳಿದಳು. ನಾವು ಬಚ್ಚಿಟ್ಟದ್ದು, ಊಟ ಕೊಟ್ಟದ್ದು, ಆ ಬೆಳಿಗ್ಗೆ ತಮ್ಮ ಹೇಸರಗತ್ತೆ ತರಲು ಪಕ್ಕದ ಊರಿಗೆ ಹೋಗಿದ್ದದ್ದು. ಆ ಚಿಕ್ಕಪ್ಪ ಕಳೆದ ಚಳಿಗಾಲ ಸತ್ತ. ಅಕ್ಕ ತಮ್ಮನಿಗಾಗಿ ಹೇಳುವ ಮಾತು ಎಂದು ಕ್ಯಾಪ್ಟನ್ ಬರೆದುಕೊಳ್ಳಲಿಲ್ಲ. ಗಂಡನನ್ನು ಕರೆಸಿ ಎಂದಳು.

ಕರೆಸಿದರು. ಪಾದ್ರಿಗೆ ಊಟ ಕೊಟ್ಟದ್ದು ನಿಜ ಎಂದೆ. ಕೀಲಿ ಯಾರ ಬಳಿ ಇತ್ತು ಎಂದಾಗ ಗಾವ್ದಿಯೊಸೊನ ಬಳಿ ಎಂದೆ, ಅದು ನಿಜ. ಆ ದಿನ ಅವನು ಹೇಸರಗತ್ತೆ ತಂದದ್ದನ್ನು ಕಣ್ಣಾರೆ ನೋಡಿದೆಯಾ ಎಂದು ಕೇಳಿದ. ಇಲ್ಲ ಎಂದೆ. ಅದೂ ನಿಜ, ನಾನು ಬಯಲಿನಲ್ಲಿದ್ದೆ. ಒಂದು ಸುಳ್ಳೂ ಹೇಳಲಿಲ್ಲ.

ಬುಡದ ಹನ್ನೆರಡು ತೂತು ಇನ್ನೂ ಹಾಗೇ ಇವೆ. ಎರಡು ಚಳಿಗಾಲ ನೀರು ಕುಡಿದಿವೆ. ನಾನಿಲ್ಲದಿದ್ದರೆ ಅವನ್ನು ಮುಚ್ಚಲು ಈ ಜಿಲ್ಲೆಯಲ್ಲೇ ಬೇರೆ ಕೈ ಇಲ್ಲ.

ಏಪ್ರಿಲ್ 4

ಬೆಳಿಗ್ಗೆ ಏಳಕ್ಕೆ ಒಂಬತ್ತು ಜನರನ್ನು ಒಯ್ದರು. ಸಾರುವೆಯ ಮೇಲಿದ್ದೆ. ಲಾರಿ ಕೆಳಗೇ ಹಾದುಹೋಯಿತು. ಗಾವ್ದಿಯೊಸೊ ನನ್ನನ್ನು ಕಂಡು, "ಭಾವ, ನನ್ನ ಮೇಕೆಗೆ ನೀರಿಟ್ಟಿಲ್ಲ, ಸ್ವಲ್ಪ ನೋಡು" ಎಂದ. ಎರಡು ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. ಹೂಂ ಎಂದೆ. ಸ್ಮಶಾನದ ಕಡೆಯಿಂದ ಮೊದಲು ಒಟ್ಟಿಗೆ ಸದ್ದು, ಆಮೇಲೆ ಬಿಡಿಬಿಡಿಯಾಗಿ ಒಂಬತ್ತು.

ಗಾಳಿ ಇತ್ತು. ಗಾರೆ ಬೇಗ ಒಣಗಿತು. ಇಳಿದು ಬುಡದ ಎರಡು ತೂತು ಮುಚ್ಚಿದೆ.

ಏಪ್ರಿಲ್ 5

ಒರೊಸಿಯಾ ಹೆಣವನ್ನು ತಾನೇ ತೊಳೆದು ಬಂದಳು. ತೋಳಿನವರೆಗೆ ರಕ್ತ ಒಣಗಿತ್ತು. ಎದುರಿಗೆ ಕೂತಳು.

"ಗೊತ್ತಿದ್ದಿದ್ದು ಮೂರೇ ಜನಕ್ಕೆ" ಎಂದಳು. "ನಾನು ಹೊಳೆ ಹತ್ರ ಇದ್ದೆ. ಅವನು ಹೇಸರಗತ್ತೆ ಹಿಡ್ಕೊಂಡು ದಾರೀಲಿದ್ದ, ಆಮೇಲೆ ಬಂದಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಇನ್ನು ಯಾರು ಉಳಿದ್ರು, ನೀನೇ ಹೇಳು."

ನಾನು ಕರಣಿಗೆ ಅಂಟಿದ ಗಾರೆ ಕೆರೆಯುತ್ತಿದ್ದೆ.

"ಪಾದ್ರಿ ವಿಷಯ ಬಿಡು. ಮಗೂ ವಿಷಯದ ಸಿಟ್ಟಿತ್ತು ಅಂದ್ಕೋತೀನಿ. ಗಾವ್ದಿಯೊಸೊ ಏನು ಮಾಡಿದ್ದ ನಿಂಗೆ?"

"ಗೋಪುರ ಬೀಳ್ತಿತ್ತು" ಎಂದೆ.

ಅವಳು ಎದ್ದು ಕೈ ತೊಳೆದುಕೊಂಡಳು. ಕ್ಯಾಪ್ಟನನ ಹತ್ತಿರ ಹೋಗುತ್ತಾಳೋ ಎಂದು ಇಡೀ ದಿನ ಕಾದೆ. ಹೋಗಲಿಲ್ಲ. ಇನ್ನೊಂದು ಹೆಣ ತೊಳೆಯಲು ತನ್ನಲ್ಲಿ ಶಕ್ತಿ ಇಲ್ಲ ಎಂದು ನೆರೆಯವಳ ಹತ್ತಿರ ಹೇಳಿದಳಂತೆ.

ಮೇ 19

ಹೊಸ ಮೇಯರರ ಅಪ್ಪಣೆ: ಇಗರ್ಜಿಯ ಒಳಗೆ ಮತ್ತೆ ಬಿಳಿ ಗಾರೆ ಮೆತ್ತಬೇಕು, ಸುಟ್ಟ ಗುರುತು ಕಾಣಬಾರದು. ಮೆತ್ತಿದೆ. ಆದರೆ ಮೊದಲು ಚಿತ್ತಾರದ ಮೇಲೆ ತೆಳು ಬಟ್ಟೆ ಅಂಟಿಸಿ, ಅದರ ಮೇಲೆ ಮೆತ್ತಿದ್ದೇನೆ. ಯಾವತ್ತಾದರೂ ಕೆತ್ತಿದರೆ ಸಲೀಸಾಗಿ ಬಿಟ್ಟುಬರುತ್ತದೆ. ಇದು ಯಾರಿಗೂ ಗೊತ್ತಿಲ್ಲ.

ಇನ್ನೊಂದು ಅಪ್ಪಣೆ: ಪಾದ್ರಿ ಸತ್ತ ಜಾಗದಲ್ಲಿ ಅಮೃತಶಿಲೆಯ ಫಲಕ. ಪಾದ್ರಿ ಮತ್ತು ಲಾರಿಯವರು ಮೊದಲ ದಿನ ಗುಂಡಿಟ್ಟ ಐವರ ಹೆಸರು. ಗೋಡೆಯ ಹೊರಗೆ ಮೊಳೆ ಹೊಡೆದು ತೂಗುಹಾಕೋಣ ಎಂದರೆ ಕೇಳುವುದಿಲ್ಲ, ಗೋಡೆಯೊಳಗೇ ಕೂರಬೇಕಂತೆ. ಇಪ್ಪತ್ತೆರಡು ಹಳೆಯ ಇಟ್ಟಿಗೆ ಕಡಿಯಬೇಕು. ಬೇಡಿಕೊಂಡೆ. ಇಂಥ ಅವಿವೇಕ ಕೆಂಪು ಬಾವುಟದವರೂ ಮಾಡಲಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮೇ 27

ಫಲಕ ಕೂರಿಸಿದೆ. ನೀರುಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆ ಇಲ್ಲ. ಕಡಿದ ಇಪ್ಪತ್ತೆರಡರಲ್ಲಿ ಹದಿನೇಳು ಮುರಿಯದೆ ಬಂದವು.

ಒರೊಸಿಯಾ ಕರಿ ಶಾಲು ಹೊದ್ದು ಬಂದು ಪಕ್ಕದಲ್ಲಿ ನಿಂತಳು. ಓದು ಎಂದಳು. ಏಪ್ರಿಲಿನಿಂದ ನನ್ನೊಂದಿಗೆ ಆಡಿದ ಮೊದಲ ಮಾತು. ಆರು ಹೆಸರೂ ಓದಿದೆ.

"ಮುಗೀತಾ?"

"ಮುಗೀತು."

"ಸರಿ" ಎಂದು ಮನೆ ಕಡೆ ಹೋದಳು.

ಜೂನ್ 1

ಅವಳು ತಂಗಿಯ ಊರಿಗೆ ಹೊರಟುಹೋದಳು. ಗಾವ್ದಿಯೊಸೊನ ಮೇಕೆಯನ್ನೂ ಹಿಡಿದುಕೊಂಡು ಹೋಗಿದ್ದಾಳೆ. ಇನ್ನು ಬರುವುದಿಲ್ಲವಂತೆ. ಅಡುಗೆಮನೆಯ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಾಳೆ.

ಫಿರಂಗಿ ತಾಕಿದ ಮೇಲಿನ ಭಾಗಕ್ಕೆ ಬೇಕಾದ ಇಟ್ಟಿಗೆ ಸುಟ್ಟು ಬಂದಿದೆ. ಮಳೆ ಬರುವ ಹಾಗಿದೆ, ಕೊಟ್ಟಿಗೆ ಸೋರುತ್ತದೆ. ಎಲ್ಲಿಡುವುದು ಎಂದು ಎರಡು ದಿನದಿಂದ ಚಿಂತೆಯಾಗಿತ್ತು. ಒರೊಸಿಯಾ ಮಲಗುತ್ತಿದ್ದ ಕೋಣೆ ತೇವವಿಲ್ಲದ್ದು, ಬಾಗಿಲೂ ಅಗಲ. ಮಂಚ ಎತ್ತಿ ಹೊರಗಿಟ್ಟು ನೆಲ ಗುಡಿಸಿದೆ. ಸಂಜೆಯೊಳಗೆ ಮುನ್ನೂರು ಇಟ್ಟಿಗೆ ಹಿಡಿಸಿದವು. ಕಿಟಕಿಯ ಹತ್ತಿರ ಇನ್ನೂ ನೂರಕ್ಕೆ ಜಾಗ ಇದೆ.